ಮುಂದಿನ ಚಕ್ರದ ಬೇರಿಂಗ್ ಮನೆಯಲ್ಲೇ ಬಿಚ್ಚಿ ಕೂರಿಸಿದ್ದು

ಫೋರ್ ವೀಲ್ ಡ್ರೈವ್ ಗಾಡಿಯ ಮುಂದಿನ ಎರಡೂ ಚಕ್ರದ ಬೇರಿಂಗ್ ಬಿಚ್ಚಿ, ತೊಳೆದು, ಗ್ರೀಸ್ ತುಂಬಿ ಮತ್ತೆ ಕೂರಿಸುವ ಕೆಲಸ ಈಗಷ್ಟೇ ಮುಗಿಯಿತು. ಉಗುರಿನ ಸಂದಿಯ ಕಪ್ಪು ಇನ್ನೂ ಹೋಗಿಲ್ಲ. ಮರೆಯುವ ಮೊದಲು ಬರೆದಿಡೋಣ ಅಂತ ಕೂತಿದ್ದೇನೆ. ಶುರು ಮಾಡುವ ಮೊದಲು ಯಾರನ್ನು ಕೇಳಿದರೂ "ಹಬ್ ಬಿಚ್ಚಿ, ಬೇರಿಂಗ್ ತೊಳೆದು, ಗ್ರೀಸ್ ಹಾಕಿ ವಾಪಸ್ ಹಾಕಿ, ಅಷ್ಟೇ" ಎನ್ನುತ್ತಿದ್ದರು. ತಲೆ ತಿನ್ನುವ ವಿಷಯವೆಲ್ಲ ಇರುವುದು ಆ "ಅಷ್ಟೇ" ಒಳಗೆ.

ಮೊದಲು ನಿಮ್ಮ ಗಾಡಿಯಲ್ಲಿ ಯಾವ ಥರದ ಬೇರಿಂಗ್ ಇದೆ ನೋಡಿಕೊಳ್ಳಿ. ಈಗಿನ ಬಹಳಷ್ಟು ಗಾಡಿಗಳಲ್ಲಿ ಹಬ್ (ಚಕ್ರವನ್ನು ಕೂರಿಸುವ ನಡುವಿನ ಭಾಗ) ಮತ್ತು ಬೇರಿಂಗ್ ಒಂದೇ ಸೀಲ್ ಆದ ಯೂನಿಟ್ ಆಗಿ ಬರುತ್ತದೆ. ಅದನ್ನು ಬಿಚ್ಚಿ ಗ್ರೀಸ್ ಮಾಡಲು ಆಗುವುದಿಲ್ಲ, ಹೋದರೆ ಪೂರ್ತಿ ಬದಲಿಸುವುದೇ. ಕೆಲವಕ್ಕೆ ಪ್ರೆಸ್ ಕೂಡ ಬೇಕು. ನಾನು ಹೇಳುತ್ತಿರುವುದು ಹಳೇ ಕಾಲದ ಕಟ್ಟುಮಸ್ತು ಗಾಡಿಗಳ ಬಗ್ಗೆ. ಮುಂದೆ ಸಾಲಿಡ್ ಆಕ್ಸಲ್, ಚಕ್ರದ ನಡುವೆ ಕೈಯಲ್ಲಿ ತಿರುಗಿಸುವ ಲಾಕಿಂಗ್ ಹಬ್, ಅದರ ಹಿಂದೆ ಚಕ್ರದ ಹಬ್ಬಿನೊಳಗೆ ಎರಡು ಟೇಪರ್ ರೋಲರ್ ಬೇರಿಂಗ್, ಅಂದರೆ ರೋಲರುಗಳು ಓರೆಯಾಗಿ ಕೂತಿರುವಂಥವು. ನನ್ನದು ಅಂಥದ್ದು.

ಇದಕ್ಕೆ ಕೈ ಹಾಕಲು ಕಾರಣ ಒಂದು ಸದ್ದು. ವೇಗ ಹೆಚ್ಚಿದ ಹಾಗೆ ಗುಂಯ್ ಅಂತ ಏರುತ್ತಿತ್ತು. ಟೈರಿನ ಸದ್ದು ಇರಬಹುದು ಅಂತ ಸ್ವಲ್ಪ ದಿನ ಸುಮ್ಮನಿದ್ದೆ. ಆದರೆ ಟೈರಿನ ಸದ್ದು ರಸ್ತೆ ಬದಲಾದರೆ ಬದಲಾಗುತ್ತದೆ. ಇದು ನುಣುಪು ಟಾರಿನ ಮೇಲೂ ಒರಟು ಕಾಂಕ್ರೀಟಿನ ಮೇಲೂ ಒಂದೇ ರಾಗ ಎಳೆಯುತ್ತಿತ್ತು. ಬಲಕ್ಕೆ ತಿರುಗಿಸಿದಾಗ ಜಾಸ್ತಿ, ಎಡಕ್ಕೆ ತಿರುಗಿಸಿದಾಗ ಕಡಿಮೆ. ಬಲಕ್ಕೆ ತಿರುಗಿದಾಗ ಗಾಡಿಯ ಭಾರ ಎಡಗಡೆಯ ಚಕ್ರದ ಮೇಲೆ ಬೀಳುತ್ತದೆ, ಹಾಗಾಗಿ ಅನುಮಾನ ಎಡಗಡೆಯ ಮೇಲೆ.

ಖಾತ್ರಿ ಮಾಡಿಕೊಳ್ಳಲು ಮುಂದಿನ ಚಕ್ರ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ ನೋಡಿದೆ. ಟಕ್ ಟಕ್ ಅಂತ ಆಡಿತು. ಆದರೆ ಅಷ್ಟಕ್ಕೇ ಬೇರಿಂಗ್ ಅಂತ ತೀರ್ಮಾನಿಸಬೇಡಿ. ಸ್ಟೀರಿಂಗ್ ತಿರುಗುವ ಗಂಟಿನಲ್ಲಿ ಸವೆತ ಇದ್ದರೂ ಚಕ್ರ ಹೀಗೇ ಆಡುತ್ತದೆ. ತಮ್ಮನನ್ನು ಒಳಗೆ ಕೂರಿಸಿ ಬ್ರೇಕ್ ಒತ್ತಲು ಹೇಳಿದೆ.

"ಅಣ್ಣಾ, ಒತ್ತಿದೀನಿ. ಈಗ ಅಲ್ಲಾಡ್ತಿದೆಯಾ?"

"ಇಲ್ಲ ಕಣೋ, ನಿಂತೋಯ್ತು. ಬಿಡು ಈಗ."

ಬ್ರೇಕ್ ಒತ್ತಿದಾಗ ಡಿಸ್ಕಿನ ಮೂಲಕ ಹಬ್ಬೂ ನಕಲ್ಲೂ (ಸ್ಟೀರಿಂಗ್ ಜೊತೆ ತಿರುಗುವ, ಹಬ್ಬನ್ನು ಹೊತ್ತಿರುವ ಭಾಗ) ಬಿಗಿಯಾಗಿ ಒಂದಾಗಿಬಿಡುತ್ತವೆ. ಆಗ ಆಟ ನಿಂತರೆ ತಪ್ಪು ಬೇರಿಂಗಿನದು. ಆಗಲೂ ಆಡುತ್ತಿದ್ದರೆ ಸ್ಟೀರಿಂಗ್ ಗಂಟಿನ ಕಿಂಗ್‌ಪಿನ್ ಅಥವಾ ಬಾಲ್ ಜಾಯಿಂಟ್ ನೋಡಬೇಕು. ಸಾಮಾನು ತರಲು ಓಡುವ ಮೊದಲು ಈ ಪರೀಕ್ಷೆ ಮಾಡಿ, ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ನನ್ನ ಬ್ರೇಕ್ ಪೆಡಲ್ ಆಗಾಗ ಸ್ವಲ್ಪ ಆಳಕ್ಕೆ ಹೋಗುತ್ತಿದ್ದುದಕ್ಕೂ ಇದೇ ಕಾರಣ ಅಂತ ಆಮೇಲೆ ಗೊತ್ತಾಯಿತು. ಲೂಸ್ ಆದ ಹಬ್ ಡಿಸ್ಕನ್ನು ಓಲಾಡಿಸುತ್ತದೆ, ಡಿಸ್ಕ್ ಬ್ರೇಕ್ ಪ್ಯಾಡನ್ನು ಹಿಂದಕ್ಕೆ ತಳ್ಳುತ್ತದೆ.

ಕಾಯುವ ಕೆಲಸ ಇಲ್ಲಿಂದ ಶುರು. ಗಾಡಿ ಬಿಚ್ಚುವ ಮೊದಲು ಮೂರು ವಸ್ತು ಕೈಯಲ್ಲಿರಲೇಬೇಕು. ಒಂದು, ನಿಮ್ಮ ಗಾಡಿಯದ್ದೇ ವರ್ಕ್‌ಶಾಪ್ ಕೈಪಿಡಿ. ಮಾಲೀಕರಿಗೆ ಕೊಡುವ ಚಿಕ್ಕ ಪುಸ್ತಕದಲ್ಲಿ ಇದೆಲ್ಲ ಇರುವುದಿಲ್ಲ. ಅಡ್ಜಸ್ಟ್ ಮಾಡುವ ಅಂಕಿಗಳು ಬೇಕಿದ್ದರೆ ವರ್ಕ್‌ಶಾಪ್ ಪುಸ್ತಕವೇ ಗತಿ. ಎರಡು, ಹಬ್ ನಟ್ಟಿನ ಸಾಕೆಟ್. ನನ್ನ ಗಾಡಿಗೆ 54 ಎಂಎಂ ಬೇಕಾಯಿತು. ಸಾಮಾನ್ಯ ಸಾಕೆಟ್ ಸೆಟ್ಟಿನಲ್ಲಿ ಇಷ್ಟು ದೊಡ್ಡದು ಬರುವುದಿಲ್ಲ, ಬೇರೆಯಾಗಿ ತರಿಸಬೇಕು. ತರಿಸುವಾಗ ಗೋಡೆ ತೆಳ್ಳಗಿರುವುದನ್ನೇ ಕೇಳಿ. ನಟ್ಟು ಹಬ್ಬಿನೊಳಗೆ ಆಳದಲ್ಲಿ ಕೂತಿರುತ್ತದೆ, ದಪ್ಪ ಸಾಕೆಟ್ ಒಳಗೇ ಹೋಗುವುದಿಲ್ಲ. ಮೂರು, ಹೊಸ ಆಯಿಲ್ ಸೀಲ್ ಮತ್ತು ಹೊಸ ಲಾಕ್ ವಾಷರ್, ಎರಡೂ ಕಡೆಗೆ. ಬಿಚ್ಚಿದ ಮೇಲೆ ಹಳೇ ಸೀಲ್ ವಾಪಸ್ ಹಾಕುವುದು ಜಿಪುಣತನ, ಮುಂದೆ ಅದು ದುಬಾರಿಯಾಗುತ್ತದೆ.

ಖರ್ಚಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಗ್ರೀಸು, ಸೀಲು, ವಾಷರ್ ಎಲ್ಲ ಸೇರಿಸಿದರೂ ಭಾರಿ ಲೆಕ್ಕವಲ್ಲ. ಬೇರಿಂಗ್ ಸೆಟ್ ಬದಲಿಸಬೇಕಾದರೆ ಅದೇ ದೊಡ್ಡ ಪಾಲು. ಮೊದಲ ಸಲ ಕೈ ಕಚ್ಚುವುದು ಸಲಕರಣೆ: ಸಾಕೆಟ್, ಬಿಗಿ ಅಳೆಯುವ ಟಾರ್ಕ್ ರೆಂಚ್, ಸರ್ಕ್ಲಿಪ್ (ಸೀಳಿರುವ ಉಂಗುರದಂಥ ಕ್ಲಿಪ್) ತೆಗೆಯುವ ಪ್ಲೈಯರ್, ಒಳ್ಳೆಯ ಜಾಕ್ ಸ್ಟ್ಯಾಂಡ್. ಇವು ಮುಂದಿನ ಸಲಕ್ಕೂ ಇರುತ್ತವೆ ಅಂತ ಸಮಾಧಾನ ಮಾಡಿಕೊಳ್ಳಬೇಕು. ಬರೀ ಒಂದೇ ಸಲಕ್ಕೆ ಮಾಡುವುದಾದರೆ ಗ್ಯಾರೇಜಿಗೆ ಕೊಡುವುದೇ ಅಗ್ಗ, ಸುಳ್ಳು ಹೇಳುವುದಿಲ್ಲ.

ಗಾಡಿ ಎತ್ತುವ ಮೊದಲು ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಜಾಕ್ ಎತ್ತುವುದಕ್ಕಷ್ಟೇ, ನಿಲ್ಲಿಸುವುದಕ್ಕಲ್ಲ. ಭಾರ ಪೂರ್ತಿ ಸ್ಟ್ಯಾಂಡಿನ ಮೇಲೆ ಕೂತ ಮೇಲೆ ಒಮ್ಮೆ ಜೋರಾಗಿ ತಳ್ಳಿ ನೋಡಿ. ಅಲುಗಿದರೆ ಇಳಿಸಿ ಮತ್ತೆ ಇಡಿ. ಈ ಹಬ್ಬಿನ ಮುಂದೆ ಗಂಟೆಗಟ್ಟಲೆ ಮುಖ ಕೊಟ್ಟು ಕೂರುವವರು ನೀವೇ ಅಲ್ವಾ.

ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿದೆ. ಬ್ರೇಕ್ ಹೋಸಿನ ಮೇಲೆ ಅದನ್ನು ನೇತಾಡಲು ಬಿಡಬಾರದು. ಬ್ರೇಕಿನ ಧೂಳನ್ನು ಊದಲೂ ಬಾರದು, ಹಳೇ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಆಮೇಲೆ ಲಾಕಿಂಗ್ ಹಬ್. ಅದು ಇಲ್ಲದಿದ್ದರೆ ಈ ಕೆಲಸ ಎಷ್ಟೋ ಸುಲಭವಾಗುತ್ತಿತ್ತು. ಆದರೆ ಅದಕ್ಕೂ ಒಂದು ಕಥೆಯಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯಲ್ಲಿ ಉಳಿದ ಜೀಪುಗಳು ಜನರ ಕೈಗೆ ಬಂದವು. ಸಾದಾ ರಸ್ತೆಯಲ್ಲಿ ಓಡುವಾಗಲೂ ಅವುಗಳ ಮುಂದಿನ ಆಕ್ಸಲ್ ಸುಮ್ನೆ ಸುತ್ತುತ್ತಿತ್ತು. ಅದನ್ನು ಚಕ್ರದಿಂದ ಬಿಡಿಸಿಡಲು ಬಂದದ್ದೇ ಈ ಹಬ್. 1948ರಲ್ಲಿ ಶುರುವಾದ ವಾರ್ನ್ ಕಂಪನಿ ಹೆಸರು ಮಾಡಿದ್ದು ಇದರಿಂದಲೇ.

ಡಯಲನ್ನು "ಫ್ರೀ" ಕಡೆಗೆ ತಿರುಗಿಸಿ ಕವರಿನ ಬೋಲ್ಟ್ ತೆಗೆದೆ. ಒಳಗೆ ಆಕ್ಸಲ್ ತುದಿಯಲ್ಲಿ ಸರ್ಕ್ಲಿಪ್. ಅದು ಇರುವ ಗಾಡಿ ಸಾಮಾನ್ಯವಾಗಿ ಬಿಚ್ಚುವವರ ತಾಳ್ಮೆ ನೋಡುತ್ತದೆ, ಯಾಕೆಂದರೆ ಆಕ್ಸಲ್ ಸ್ವಲ್ಪ ಒಳಗೆ ಸರಿದಿದ್ದರೆ ಕ್ಲಿಪ್ ಬಿಚ್ಚಲು ಜಾಗವೇ ಸಿಗುವುದಿಲ್ಲ. ಆಕ್ಸಲ್ ತುದಿಯಲ್ಲಿ ಥ್ರೆಡ್ ಇರುವ ತೂತಿದ್ದರೆ ಅದಕ್ಕೊಂದು ಬೋಲ್ಟ್ ಹಾಕಿ ಹೊರಕ್ಕೆ ಎಳೆದು ಹಿಡಿಯಿರಿ, ಆಗ ಕ್ಲಿಪ್ ಸಲೀಸಾಗಿ ಬರುತ್ತದೆ.

ಕ್ಲಿಪ್ ಬಂತು, ಹಬ್ಬಿನ ಬಾಡಿ ಮಾತ್ರ ಜಪ್ಪಯ್ಯ ಅಂದರೂ ಬರಲಿಲ್ಲ. ನಟ್ಟುಗಳೆಲ್ಲ ಕೈಗೆ ಬಂದಿವೆ, ಆದರೂ ಅದು ಬೆಸುಗೆ ಹಾಕಿದ ಹಾಗೆ ಕೂತಿದೆ. ಕಾರಣ ಪ್ರತಿ ಸ್ಟಡ್ಡಿನ (ನಟ್ಟು ಕೂರುವ, ಹೊರಚಾಚಿದ ಬೋಲ್ಟಿನ) ಸುತ್ತ ಸಿಕ್ಕಿಕೊಂಡಿರುವ ಕೋನ್ ವಾಷರುಗಳು. ಶಂಕುವಿನ ಆಕಾರದ ಪುಟ್ಟ ವಾಷರ್, ಒಂದು ಕಡೆ ಸೀಳು. ವರ್ಷಗಟ್ಟಲೆ ಒತ್ತಿ ಕೂತಿರುತ್ತವೆ. ಸ್ಕ್ರೂ ಡ್ರೈವರ್ ತೂರಿಸಿ ಮೀಟಬೇಡಿ, ಮುಖ ಗೀರಿಹೋಗಿ ಮುಂದೆ ನೀರು ಸೋರುತ್ತದೆ. ನಟ್ಟುಗಳನ್ನು ಸ್ಟಡ್ಡಿನ ತುದಿಗೆ ಒಂದೆರಡು ಸುತ್ತು ಹಾಕಿ, ಹಿತ್ತಾಳೆ ಸುತ್ತಿಗೆಯಲ್ಲಿ ಹಬ್ಬಿನ ಬಾಡಿಯನ್ನು ಸುತ್ತಲೂ ತಟ್ಟುತ್ತಾ ಹೋಗಿ. ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ತಟ್ಟುತ್ತಲೇ ಇರಿ. ಟಿಣ್ ಅಂತ ಮೊದಲನೆಯದು ಎಗರಿದಾಗ ಆಗುವ ಖುಷಿಯೇ ಬೇರೆ. ಆಮೇಲೆ ಒಂದರ ಹಿಂದೆ ಒಂದು ಬಂದವು. ನಟ್ಟನ್ನು ತುದಿಗೆ ಹಾಕುವುದು ಅದಕ್ಕೇ, ಇಲ್ಲದಿದ್ದರೆ ವಾಷರ್ ಹಾರಿ ಎಲ್ಲಿಗೋ ಹೋಗುತ್ತದೆ.

ಒಳಗೆ ಎರಡು ದೊಡ್ಡ ನಟ್ಟು, ನಡುವೆ ಲಾಕ್ ವಾಷರ್. ವಾಷರಿನ ಕಿವಿಗಳನ್ನು ನಟ್ಟಿನ ಮೇಲೆ ಮಡಚಿರುತ್ತಾರೆ. ಅವನ್ನು ನೆಟ್ಟಗೆ ಮಾಡಿ ಬಿಚ್ಚಬೇಕು. ನನ್ನದರಲ್ಲಿ ಹೊರಗಿನ ನಟ್ಟಿನ ಮೂಲೆಗಳೆಲ್ಲ ಜಜ್ಜಿಹೋಗಿದ್ದವು. ಹಿಂದೆ ಯಾರೋ ಸಾಕೆಟ್ ಇಲ್ಲದೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆದು ತಿರುಗಿಸಿದ್ದರು. ಸಾಕೆಟ್ ಕೂರಲೇ ಇಲ್ಲ. ಅರದಲ್ಲಿ ಒಂದೊಂದೇ ಮೂಲೆ ಸರಿ ಮಾಡಿ ಕೂರಿಸುವಷ್ಟರಲ್ಲಿ ಕತ್ತಲಾಯಿತು. ಹೀಗೆ ಉಳಿಯಲ್ಲಿ ಬಿಗಿ ಮಾಡಿದ ನಟ್ಟು ಎಷ್ಟು ಬಿಗಿ ಇತ್ತು ಅಂತ ಯಾರಿಗೂ ಗೊತ್ತಿರುವುದಿಲ್ಲ. ನನ್ನ ಬೇರಿಂಗಿನ ಕಥೆ ಹಾಳಾದದ್ದು ಅಲ್ಲಿಂದಲೇ ಇರಬೇಕು.

ಹಬ್ ಎಳೆಯುವಾಗ ಹೊರಗಿನ ಬೇರಿಂಗಿಗೆ ಹೆಬ್ಬೆರಳು ಅಡ್ಡ ಇಟ್ಟುಕೊಳ್ಳಿ. ಇಲ್ಲದಿದ್ದರೆ ಅದು ನೇರ ಮಣ್ಣಿಗೆ ಬೀಳುತ್ತದೆ. ಒಳಗಿನ ಬೇರಿಂಗ್ ಸೀಲಿನ ಹಿಂದೆ ಇರುತ್ತದೆ, ಸೀಲ್ ಮೀಟಿ ತೆಗೆದರೆ ಅದೂ ಕೈಗೆ ಬರುತ್ತದೆ. ಬಲಗಡೆಯ ಗ್ರೀಸ್ ಹಳೇದಾಗಿದ್ದರೂ ಗ್ರೀಸಿನ ಹಾಗೇ ಇತ್ತು. ಎಡಗಡೆಯದು ಬೂದಿ ಬಣ್ಣ, ನೊರೆನೊರೆ. ನೀರು ಸೇರಿದರೆ ಹೀಗಾಗುತ್ತದೆ. ಹೊಳೆ ಹಳ್ಳ ದಾಟುವವರು ಇದನ್ನು ಗಮನಿಸಿ: ದೂರ ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಒಳಕ್ಕೆ ಎಳೆಯುತ್ತದೆ. ನೀರಿಗೆ ಇಳಿಯುವ ಮೊದಲು ಸ್ವಲ್ಪ ಹೊತ್ತು ನಿಲ್ಲಿಸಿದರೆ ಬಹಳ ವ್ಯತ್ಯಾಸ.

ತೊಳೆಯುವುದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್ಷಿನಲ್ಲಿ ಉಜ್ಜಿ, ಹೊಸ ಎಣ್ಣೆಯಲ್ಲಿ ಮತ್ತೆ ಜಾಲಿಸಿ. ಗಾಳಿ ಹೊಡೆಯುವ ಯಂತ್ರ ಇದ್ದವರಿಗೆ ಒಂದು ಎಚ್ಚರಿಕೆ: ಬೇರಿಂಗನ್ನು ಗಾಳಿಯಲ್ಲಿ ಗಿರಗಿರ ತಿರುಗಿಸುವ ಆಟ ಬೇಡ. ಎಣ್ಣೆಯಿಲ್ಲದ ಬೇರಿಂಗ್ ಆ ವೇಗಕ್ಕೆ ಹಾಳಾಗುತ್ತದೆ, ಸಿಡಿದರೆ ರೋಲರುಗಳು ಮುಖಕ್ಕೇ ಬರುತ್ತವೆ. ಯಾವುದು ಎಡ, ಯಾವುದು ಬಲ, ಯಾವುದು ಒಳಗಿನದು ಅಂತ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಬರೆದಿಡಿ. ಬೇರಿಂಗೂ ಅದು ಕೂರುವ ರೇಸೂ (ರೋಲರುಗಳು ಉರುಳುವ ಉಕ್ಕಿನ ಬಳೆ) ಒಟ್ಟಿಗೆ ಸವೆದಿರುತ್ತವೆ, ಅದಲು ಬದಲು ಆಗಬಾರದು.

ಒರೆಸಿ ಒಣಗಿದ ಮೇಲೆ ಒಳ್ಳೆಯ ಬೆಳಕಿನಲ್ಲಿ ರೇಸಿನ ಮೇಲೆ ಉಗುರು ಎಳೆದು ನೋಡಿದೆ. ಬಲಗಡೆಯದು ಕನ್ನಡಿ. ಎಡಗಡೆಯ ಒಳಗಿನ ರೇಸಿನಲ್ಲಿ ಕೆಳಭಾಗದಲ್ಲಿ ಉಗುರು ತಡೆಯಿತು. ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ಗುಳಿ, ಪಕ್ಕದಲ್ಲಿ ತುಕ್ಕಿನ ಕಲೆ. ರೋಲರಿನ ಮೇಲೂ ಅದೇ. ಗುಂಯ್ ಅನ್ನುತ್ತಿದ್ದದ್ದು ಇದೇ. ಬಣ್ಣ ನೀಲಿಗೆ ತಿರುಗಿದ್ದರೆ ಅತಿ ಬಿಸಿಯಾಗಿದೆ ಅಂತ ಅರ್ಥ, ಅದೂ ಬೇಡ. ಇಂಥ ಬೇರಿಂಗಿಗೆ ಎಷ್ಟು ಗ್ರೀಸ್ ಹಾಕಿದರೂ ದಂಡ.

ಬೇರಿಂಗಿನ ಮೈಮೇಲೆ ನಂಬರ್ ಇರುತ್ತದೆ. ಅದನ್ನು ಬರೆದುಕೊಂಡು, ಹಳೇದನ್ನೂ ಜೊತೆಗೆ ಒಯ್ದು ತಂದರೆ ತಪ್ಪುವುದಿಲ್ಲ. ರೇಸ್ ಸಮೇತ ಸೆಟ್ಟೇ ತನ್ನಿ. ಹೊಸ ಬೇರಿಂಗ್ ಬರಲು ಕಾಯಬೇಕಾಯಿತು, ಗಾಡಿ ಸ್ಟ್ಯಾಂಡಿನ ಮೇಲೇ ನಿಂತಿತ್ತು. ಪ್ರತಿ ಸಲ ಪಕ್ಕದಲ್ಲಿ ಹಾದುಹೋಗುವಾಗ ಬೇಜಾರು. ಬಿಚ್ಚಿಟ್ಟ ಸಾಮಾನಿನ ಮೇಲೆ ಬಟ್ಟೆ ಮುಚ್ಚಿ, ಹಬ್ ಕೂರುವ ಸ್ಪಿಂಡಲ್ಲಿಗೆ ಪ್ಲಾಸ್ಟಿಕ್ ಸುತ್ತಿ ಇಟ್ಟಿದ್ದೆ. ಇನ್ನೊಂದು ಗಾಡಿ ಇಲ್ಲದವರು ಈ ಕಾಯುವಿಕೆಯನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಶುರು ಮಾಡಿ.

ಹಳೇ ರೇಸನ್ನು ಹಿತ್ತಾಳೆ ಸರಳು ಇಟ್ಟು ಹಿಂದಿನಿಂದ ಹೊಡೆದು ತೆಗೆದೆ. ಒಮ್ಮೆ ಈ ಬದಿ, ಒಮ್ಮೆ ಎದುರು ಬದಿ. ಒಂದೇ ಕಡೆ ಹೊಡೆದರೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಹೊಸ ರೇಸನ್ನು ಫ್ರೀಜರಿನಲ್ಲಿಟ್ಟು, ಕುಗ್ಗಿರುವಾಗಲೇ ಕೂರಿಸಿದೆ. ಸುತ್ತಿಗೆ ಏಟಿನ ಸದ್ದು ಕೇಳುತ್ತಿರಿ. ರೇಸ್ ಪೂರ್ತಿ ತಳ ಮುಟ್ಟಿದಾಗ ಸದ್ದು ತಟ್ಟನೆ ಬದಲಾಗಿ ಗಟ್ಟಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ, ಬೆಳಕು ಹಿಡಿದು ಸಂದಿ ಉಳಿದಿದೆಯಾ ನೋಡಿ.

ಗ್ರೀಸಿನ ವಿಷಯದಲ್ಲಿ ಎಲ್ಲರೂ ಒಂದೊಂದು ಹೇಳುತ್ತಾರೆ. ವೀಲ್ ಬೇರಿಂಗಿಗೆ ಅಂತಲೇ ಬರೆದಿರುವ, ಬಿಸಿ ತಡೆಯುವ ಲಿಥಿಯಂ ಕಾಂಪ್ಲೆಕ್ಸ್, ದಪ್ಪದಲ್ಲಿ 2ನೇ ನಂಬರ್, ನಾನು ಬಳಸಿದ್ದು ಇದು. ಹಳೇದರ ಜೊತೆ ಬೆರೆಸಬೇಡಿ, ಕೆಲವು ಗ್ರೀಸುಗಳು ಒಂದಕ್ಕೊಂದು ಸೇರಿದರೆ ತೆಳ್ಳಗಾಗಿ ಹರಿದುಬಿಡುತ್ತವೆ. ಎಡ ಅಂಗೈಯಲ್ಲಿ ಒಂದು ಮುದ್ದೆ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲ ಬಾಯಿಯ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಎಳೆಯಬೇಕು. ಮೊದಮೊದಲು ಗ್ರೀಸ್ ಬರೀ ಹೊರಗೇ ಮೆತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ರೋಲರುಗಳ ನಡುವಿನಿಂದ, ಮೇಲಿನ ಕಿರಿದಾದ ತುದಿಯಲ್ಲಿ, ಸಣ್ಣ ಎಳೆಗಳಾಗಿ ಇಣುಕುತ್ತದೆ. ಆಗ ಸ್ವಲ್ಪ ತಿರುಗಿಸಿ ಮುಂದಿನ ಭಾಗ. ಸುತ್ತಲೂ ಎಳೆಗಳು ಬಂದಾಗ ತುಂಬಿದೆ ಅಂತ ಅರ್ಥ. ಹೊರಗಿನಿಂದ ಸವರಿದರೆ ಒಳಗೆ ಖಾಲಿಯೇ ಇರುತ್ತದೆ. ಹಬ್ಬಿನ ಒಳಹೊಟ್ಟೆಗೂ ಒಂದು ಪದರ ಬೇಕು, ಕಂಠದವರೆಗೆ ತುಂಬುವುದು ಬೇಡ, ಬಿಸಿಯಾದಾಗ ಹಿಗ್ಗಲು ಜಾಗ ಇರಲಿ.

ಒಳಗಿನ ಬೇರಿಂಗ್ ಇಟ್ಟು, ಸೀಲನ್ನು ತುಟಿ ಒಳಮುಖವಾಗಿ ಸಮಕ್ಕೆ ಕೂರಿಸಿ, ಹಬ್ಬನ್ನು ಸ್ಪಿಂಡಲ್ಲಿಗೆ ಏರಿಸಿದೆ. ಇನ್ನು ಉಳಿದದ್ದು ನಟ್ಟು ಬಿಗಿ ಮಾಡುವುದು. ನನ್ನ ಮಟ್ಟಿಗೆ ಇಡೀ ಕೆಲಸ ನಿಂತಿರುವುದೇ ಇದರ ಮೇಲೆ.

ಟೇಪರ್ ಬೇರಿಂಗಿನ ಗುಣ ಹೀಗಿದೆ. ಹೆನ್ರಿ ಟಿಮ್ಕೆನ್ 1898ರಲ್ಲಿ ಇದಕ್ಕೆ ಪೇಟೆಂಟ್ ಪಡೆದದ್ದು ಕುದುರೆ ಗಾಡಿಗಳ ಕಾಲದಲ್ಲಿ. ರೋಲರು ಓರೆಯಾಗಿ ಕೂತಿರುವುದರಿಂದ ಮೇಲಿನ ಭಾರವನ್ನೂ ತಿರುವಿನಲ್ಲಿ ಪಕ್ಕದಿಂದ ಬರುವ ಒತ್ತಡವನ್ನೂ ಒಟ್ಟಿಗೆ ಹೊರುತ್ತದೆ. ಅದೇ ಓರೆಯಿಂದಾಗಿ ನಟ್ಟು ಎಷ್ಟು ಒತ್ತುತ್ತದೋ ಅಷ್ಟು ಬಿಗಿ. ಲೂಸ್ ಬಿಟ್ಟರೆ ಚಕ್ರ ಆಡಿ ರೇಸ್ ಜಜ್ಜಿಹೋಗುತ್ತದೆ. ಹೆಚ್ಚು ಬಿಗಿದರೆ ಬಿಸಿಯಾಗಿ ಸುಡುತ್ತದೆ. "ಬಿಗಿ ಮಾಡಿ ಕಾಲು ಸುತ್ತು ಬಿಡಿ" ಅಂತ ಬಹಳ ಜನ ಹೇಳಿದರು. ನನಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ಅಳೆಯುವ ದಾರಿ ಇರುವಾಗ ಅಂದಾಜು ಯಾಕೆ?

ನನ್ನ ಕೈಪಿಡಿಯ ಪ್ರಕಾರ ಮೊದಲು ಒಳಗಿನ ನಟ್ಟನ್ನು ಸುಮಾರು 60 ನ್ಯೂಟನ್ ಮೀಟರಿಗೆ ಬಿಗಿದೆ. ಹಬ್ಬನ್ನು ಎರಡೂ ಕಡೆಗೆ ಹಲವು ಸುತ್ತು ತಿರುಗಿಸಿದೆ. ಹೀಗೆ ಮಾಡಿದಾಗ ರೋಲರುಗಳು ತಮ್ಮ ಜಾಗ ಹಿಡಿಯುತ್ತವೆ, ಮಧ್ಯೆ ಸಿಕ್ಕ ಗ್ರೀಸು ಹೊರಗೆ ಹೋಗುತ್ತದೆ. ಆಮೇಲೆ ನಟ್ಟನ್ನು ಕೈಯಲ್ಲಿ ತಿರುಗುವಷ್ಟು ಸಡಿಲಿಸಿ, ಮತ್ತೆ ಬಹಳ ಕಡಿಮೆ ಬಲದಲ್ಲಿ ಬಿಗಿದೆ. ಈಗ ತಕ್ಕಡಿ. ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿಯನ್ನು ಚಕ್ರದ ಒಂದು ಸ್ಟಡ್ಡಿಗೆ ಸಿಕ್ಕಿಸಿ ಅಡ್ಡಕ್ಕೆ ನಿಧಾನ ಎಳೆಯಬೇಕು. ಹಬ್ ತಿರುಗಲು ಶುರುವಾಗುವ ಕ್ಷಣದಲ್ಲಿ ಮುಳ್ಳು ಎಲ್ಲಿದೆ ಎನ್ನುವುದೇ ಲೆಕ್ಕ. ನನ್ನ ಗಾಡಿಗೆ 3ರಿಂದ 5 ಕೆಜಿ ನಡುವೆ ಇರಬೇಕಿತ್ತು. ಮೊದಲು ಮುಳ್ಳು ಕದಲಲೇ ಇಲ್ಲ ಅನ್ನುವಷ್ಟು ಕಡಿಮೆ. ನಟ್ಟನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮುಳ್ಳು ಎಷ್ಟೋ ಮುಂದೆ ಹೋಗುತ್ತದೆ. ಕೈ ಹಬ್ಬನ್ನು ಹಿಡಿದು ಹೇಳುವುದಕ್ಕೂ ತಕ್ಕಡಿ ಹೇಳುವುದಕ್ಕೂ ಎಷ್ಟು ದೂರ ಅಂತ ಆಗ ಅರ್ಥವಾಯಿತು.

ಈ ಅಂಕಿಗಳು ನನ್ನ ಗಾಡಿಯವು. ನಿಮ್ಮದಕ್ಕೆ ನಿಮ್ಮ ಪುಸ್ತಕ ನೋಡಿ. ತಕ್ಕಡಿ ಹಿಡಿಯುವಾಗ ಕ್ಯಾಲಿಪರ್ ಹಾಕಿರಬಾರದು, ಪ್ಯಾಡಿನ ಉಜ್ಜಾಟ ಸೇರಿ ಲೆಕ್ಕ ಕೆಡುತ್ತದೆ. ಇನ್ನೊಂದು ತಕರಾರು: ಹೊಸ ಲಾಕ್ ವಾಷರ್ ಇಟ್ಟು ಹೊರಗಿನ ನಟ್ಟು ಬಿಗಿದ ಮೇಲೆ ಮುಳ್ಳು ಮತ್ತೆ ಬದಲಾಗುತ್ತದೆ. ಹೊರಗಿನ ನಟ್ಟು ಒಳಗಿನದನ್ನೂ ಸ್ವಲ್ಪ ಒತ್ತುತ್ತದೆ. ಹಾಗಾಗಿ ಹೊರಗಿನದು ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಬೇಕಿದ್ದರೆ ಬಿಚ್ಚಿ, ಒಳಗಿನದನ್ನು ಸ್ವಲ್ಪ ಸಡಿಲಿಸಿ ಮತ್ತೆ ಬಿಗಿಯಿರಿ. ಸಿಟ್ಟು ಬರುವ ಜಾಗ ಇದು. ಲೆಕ್ಕ ಸರಿಬಂದ ಮೇಲಷ್ಟೇ ವಾಷರಿನ ಒಂದು ಕಿವಿಯನ್ನು ಒಳಗಿನ ನಟ್ಟಿನ ಮೇಲೆ, ಇನ್ನೊಂದನ್ನು ಹೊರಗಿನದರ ಮೇಲೆ ಮಡಚಿ.

ಉಳಿದದ್ದು ಬೇಗ ಮುಗಿಯಿತು. ಲಾಕಿಂಗ್ ಹಬ್ಬಿನ ಒಳಗೆ ಗ್ರೀಸ್ ತೆಳ್ಳಗೆ ಸವರಿದರೆ ಸಾಕು, ಗಡದ್ದಾಗಿ ತುಂಬಿದರೆ ಲಾಕ್ ಆಗಲು ಮೊಂಡು ಹಿಡಿಯುತ್ತದೆ. ಗ್ಯಾಸ್ಕೆಟ್ ಹೊಸದು ಹಾಕಿದೆ. ಡಿಸ್ಕಿನ ಮೇಲೆ ಬಿದ್ದ ಗ್ರೀಸ್ ಬೆರಳಚ್ಚುಗಳನ್ನು ಬ್ರೇಕ್ ಕ್ಲೀನರಿನಲ್ಲಿ ಒರೆಸಿದೆ. ಗಾಡಿ ಕದಲಿಸುವ ಮೊದಲು ಬ್ರೇಕ್ ಪೆಡಲನ್ನು ಗಟ್ಟಿಯಾಗುವ ತನಕ ಒತ್ತಿ, ಇಲ್ಲದಿದ್ದರೆ ಮೊದಲ ಬ್ರೇಕ್ ಹಿಡಿಯುವುದಿಲ್ಲ.

ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಎರಡೂ ಹಬ್ ಮುಟ್ಟಿ ನೋಡಿದೆ. ಎರಡೂ ಒಂದೇ ಥರ ಬೆಚ್ಚಗಿದ್ದವು. ಒಂದು ಕಡೆ ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಬಿಗಿ ಜಾಸ್ತಿ ಆಗಿರಬಹುದು ಅಥವಾ ಬ್ರೇಕ್ ಹಿಡಿದಿರಬಹುದು, ಮುಂದೆ ಓಡಿಸಬೇಡಿ. ಗುಂಯ್ ಸದ್ದು ಪೂರ್ತಿ ಹೋಗಿದೆ. ಅದು ಹೋದ ಮೇಲೆ ಟೈರಿನ ನಿಜವಾದ ಸದ್ದು ಕೇಳಿಸುತ್ತಿದೆ, ಅದೂ ಏನು ಕಡಿಮೆಯಿಲ್ಲ.

ಹೊಸ ರೇಸ್ ಹಾಕಿದವರು 500 ಕಿಲೋಮೀಟರ್ ಆಸುಪಾಸಿನಲ್ಲಿ ಮತ್ತೊಮ್ಮೆ ಚಕ್ರ ಎತ್ತಿ ಅಲ್ಲಾಡಿಸಿ ನೋಡಿ. ಹೊಸದು ಕೂತುಕೊಳ್ಳುವಾಗ ಸ್ವಲ್ಪ ಸಡಿಲವಾಗುವುದುಂಟು. ಚಕ್ರದ ನಟ್ಟುಗಳನ್ನೂ ಆಗಲೇ ಟಾರ್ಕ್ ರೆಂಚಿನಲ್ಲಿ ನೋಡಿಕೊಳ್ಳಿ. ಬಲಗಡೆಯ ಬೇರಿಂಗಿಗೆ ಹೊಸ ಗ್ರೀಸ್ ಸಾಕಾಯಿತು, ಅದರ ನಂಬರನ್ನೂ ಎಡಗಡೆಯ ಹೊಸ ಸೆಟ್ಟಿನ ನಂಬರನ್ನೂ ಮೀಟರ್ ಓದಿದ ಕಿಲೋಮೀಟರಿನ ಜೊತೆ ಕೈಪಿಡಿಯ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದೇನೆ. ಗ್ರೀಸ್ ಬೆರೆತ ಸೀಮೆಎಣ್ಣೆಯನ್ನು ಚರಂಡಿಗೆ ಚೆಲ್ಲದೆ ಡಬ್ಬಿಗೆ ತುಂಬಿಸಿ, ಹಳೇ ಇಂಜಿನ್ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ.